ಭಾವನ ಜೊತೆ ಒಂದೇ ಒಂದು ಊಟ

"ಅಪ್ಪಾ, ಆ ದ್ವೀಪದಲ್ಲಿ ಅಲ್ಲಿಯ ಜನ ಊಟಕ್ಕೆ ಎಲ್ಲಿಗೆ ಹೋಗ್ತಾರೆ? ರೆಸಾರ್ಟ್ ಊಟ ಅಲ್ಲ, ಊರಿನೋರು ತಿನ್ನೋ ಊಟ," ಎಂದು ಅಕ್ಕನ ಮಗಳು ಫೋನಿನಲ್ಲಿ ಕೇಳಿದಾಗ ಭಾವ ಮೊದಲು ಒಮ್ಮೆ ಕೆಮ್ಮಿದರು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಅಕ್ಕ, ಅವಳ ಮಗಳು, ನಾನು ಮೂವರೂ ಅದರ ಮುಂದೆ ತಲೆ ತೂರಿಸಿ ಕೂತಿದ್ದೆವು. ಪರದೆಯಲ್ಲಿ ಭಾವನ ಅರ್ಧ ಹಣೆ, ಅದರ ಮೇಲೊಂದು ಬಿಳಿ ಟೋಪಿ, ಹಿಂದೆ ಹಬೆ. ಇಷ್ಟು ವರ್ಷ ಕಳೆದರೂ ಆ ಮನುಷ್ಯನಿಗೆ ಫೋನಿನಲ್ಲಿ ಪೂರ್ತಿ ಮುಖ ತೋರಿಸುವುದು ಬಂದಿಲ್ಲ.

"ಅದೆಲ್ಲ ನಂಗೆ ಬಿಡು ಪುಟ್ಟಿ," ಎಂದರು ಆಮೇಲೆ. "ಇಲ್ಲಿ ನಂಗೆ ಗೊತ್ತಿಲ್ದೇ ಇರೋ ಜಾಗ ಯಾವುದಿದೆ?"

ಹಸಿ ಸುಳ್ಳು. ಭಾವನಿಗೆ ಆ ದ್ವೀಪದಲ್ಲಿ ಗೊತ್ತಿದ್ದದ್ದು ಮೂರೇ ಜಾಗ. ಮಲಗುವ ಕೋಣೆ, ರೆಸಾರ್ಟಿನ ಅಡುಗೆಮನೆ, ಕೆಲಸದವರ ಮೆಸ್ಸು. ಸಮುದ್ರ ಕಾಣಬೇಕಾದರೆ ಅಡುಗೆಮನೆಯ ಹಿಂದಿನ ಬಾಗಿಲಿಗೆ ಬರಬೇಕು, ಅದೂ ತರಕಾರಿ ಸಿಪ್ಪೆ ಚೆಲ್ಲುವ ನೆಪದಲ್ಲಿ. ದೇಶದೇಶದಿಂದ ಜನ ಆ ನೀಲಿ ನೀರು ನೋಡಲು ದುಡ್ಡು ಸುರಿದು ಬರುತ್ತಾರೆ. ನಮ್ಮ ಭಾವ ಅದರ ಪಕ್ಕದಲ್ಲೇ ಇದ್ದು, ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವಳು ಕಾಲೇಜಿಗೆ ಹೊರಟು ನಿಲ್ಲುವ ತನಕ ಸೂಪಿನ ಪಾತ್ರೆ ನೋಡಿಕೊಂಡು ಬಂದಿದ್ದಾರೆ. ಸೂಪು, ಸಾಸು, ಸಾರು ಇವೇ ಅವರ ವಿಭಾಗ. ಹಾಗಾಗಿ ಅಲ್ಲಿ ಅವರ ಹೆಸರೇ ಸೂಪಣ್ಣ.

ಅಡುಗೆಯವರು ಊಟ ಮಾಡುವ ರೀತಿ ನಿಮಗೆ ಗೊತ್ತೋ ಇಲ್ಲವೋ. ಅವರು ಕೂರುವುದಿಲ್ಲ. ಅತಿಥಿಗಳ ಗಲಾಟೆ ಮುಗಿದ ಮೇಲೆ ಒಂದು ಸ್ಟೀಲ್ ಬಟ್ಟಲಿಗೆ ಉಳಿದದ್ದನ್ನೆಲ್ಲ ಹಾಕಿಕೊಂಡು, ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತು, ಗಬಗಬ ಅಂತ ಮುಗಿಸುತ್ತಾರೆ. ಬೆಳಗ್ಗೆಯಿಂದ ಚಮಚ ಚಮಚ ರುಚಿ ನೋಡಿ ಹೊಟ್ಟೆಗೆ ಹಸಿವು ಯಾವುದು, ಕೆಲಸ ಯಾವುದು ಎನ್ನುವುದೇ ಮರೆತುಹೋಗಿರುತ್ತದೆ. ಭಾವನೂ ಹಾಗೇ. ಅದನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ಆದರೆ ರಜೆಗೆ ಮನೆಗೆ ಬಂದಾಗಲೂ ಅದೇ ಕಥೆ. ಭಾವ ಬಂದಿದ್ದಾರೆ ಎಂದು ಸುದ್ದಿಯಾದದ್ದೇ ತಡ, ನೆಂಟರೆಲ್ಲ ಮನೆಗೆ ನುಗ್ಗುತ್ತಿದ್ದರು. ದೊಡ್ಡಪ್ಪಂದಿರು, ಅತ್ತೆಯರು, ಅವರ ಮಕ್ಕಳು, ಆ ಮಕ್ಕಳ ಸ್ನೇಹಿತರು. "ರೆಸಾರ್ಟ್ ರುಚಿ ನಮಗೂ ತೋರಿಸಪ್ಪ" ಎನ್ನುವುದು, ಪುಕ್ಕಟೆ ಉಂಡು ಹೋಗುವುದು. ಭಾವ ತೋಳು ಮಡಚಿ ಒಲೆ ಮುಂದೆ ನಿಂತರೆ ಮುಗಿಯಿತು. ಎಲ್ಲರೂ ಉಂಡು ಕೈ ಒರೆಸಿಕೊಂಡ ಮೇಲೆ ಅಡುಗೆಕಟ್ಟೆಗೆ ಒರಗಿ ನಿಂತು ತಾವು ಒಂದಿಷ್ಟು ತಿನ್ನುತ್ತಿದ್ದರು. ಅಷ್ಟು ಹೊತ್ತಿಗೆ ಮಗಳು ಮಲಗಿರುತ್ತಿದ್ದಳು, ಇಲ್ಲವೇ ಆಟಕ್ಕೆ ಓಡಿರುತ್ತಿದ್ದಳು. ಅಕ್ಕ ಒಂದಷ್ಟು ವರ್ಷ ಜಗಳವಾಡಿದಳು. ಆಮೇಲೆ ಬಾಯಿ ಸೋತು ಸುಮ್ಮನಾದಳು.

ಈ ಪ್ರವಾಸದ ಯೋಚನೆ ಹುಟ್ಟಿದ್ದು ರೆಸಾರ್ಟಿನವರಿಂದಲೇ. ಬಹಳ ವರ್ಷ ದುಡಿದವರು ಅತಿಥಿಗಳು ಕಡಿಮೆ ಇರುವ ತಿಂಗಳಲ್ಲಿ ಮನೆಯವರನ್ನು ಕರೆಸಿ ಕೆಲವು ದಿನ ಇಟ್ಟುಕೊಳ್ಳಬಹುದು ಎಂದು ಹೊಸ ಮ್ಯಾನೇಜರ್ ಹೇಳಿದನಂತೆ. ಕೋಣೆ ಹಿಂಬದಿಯದು, ಸಮುದ್ರ ಕಾಣುವುದಿಲ್ಲ, ಆದರೆ ಈಜುಕೊಳ, ಉಯ್ಯಾಲೆ, ಊಟದ ಹಾಲ್ ಎಲ್ಲವೂ ಉಂಟು. ಷರತ್ತು ಮಾತ್ರ ಎರಡು: ಕೆಲಸದವರು ಅತಿಥಿಗಳ ಹಾಲಿನಲ್ಲಿ ಕೂರುವಂತಿಲ್ಲ. ಮನೆಯವರು ಕೆಲಸದವರ ಮೆಸ್ಸಿಗೆ ಹೋಗುವಂತೆಯೂ ಇಲ್ಲ. ಅಂದರೆ ಗಂಡ, ಹೆಂಡತಿ, ಮಗಳು ಒಂದೇ ಗೇಟಿನೊಳಗೆ ಇದ್ದರೂ ಒಂದೇ ಮೇಜಿಗೆ ಕೂರುವ ಹಾಗಿಲ್ಲ. ಇಂಥ ನಿಯಮ ಮಾಡುವವರಿಗೆ ಸಂಸಾರ ಅನ್ನುವುದೊಂದು ಇರುತ್ತದೋ ಇಲ್ಲವೋ!

ಆ ದಿನ ಎಲ್ಲರ ಜೊತೆ ಮಾತು ಮುಗಿದ ಮೇಲೆ ಭಾವ ನನಗೊಬ್ಬನಿಗೇ ಮತ್ತೆ ಫೋನ್ ಮಾಡಿದರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು, ಕೌಂಟರಿನಲ್ಲಿ ಗಿರಾಕಿ ಇರಲಿಲ್ಲ.

"ಒಂದು ಮಾತು ಕಣೋ," ಎಂದರು. "ಪುಟ್ಟಿ ಈ ವರ್ಷ ಹಾಸ್ಟೆಲ್‌ಗೆ ಹೋಗ್ತಾಳೆ. ಆಮೇಲೆ ಕೆಲಸ ಅಂತಾಳೆ, ಮದುವೆ ಅಂತಾಳೆ. ಅವಳ ಎದುರು ಕೂತ್ಕೊಂಡು ನಾನು ಒಂದು ಹೊತ್ತೂ ಊಟ ಮಾಡಿಲ್ಲ. ಒಂದೇ ಒಂದ್ಸಲ. ಆರಾಮಾಗಿ. ಅವಳೇನೋ ಹೇಳ್ತಾ, ನಾನು ಕೇಳ್ತಾ... ಅಷ್ಟೇ."

"ಅದಕ್ಕೇನು ಭಾವ, ಹೊರಗಡೆ ಒಂದು ಒಳ್ಳೆ ಹೋಟೆಲ್ ನೋಡಿ," ಎಂದೆ.

"ನೋಡ್ತೀನಿ. ಆದ್ರೆ ನಂಗೆ ಒಂದೂ ಗೊತ್ತಿಲ್ಲ ಅಂತ ಅವಳಿಗೆ ಹೇಳ್ಬೇಡ. ಅಪ್ಪನ ಮರ್ಯಾದೆ ಪ್ರಶ್ನೆ."

ಇತ್ತ ಮನೆಯಲ್ಲಿ ತಯಾರಿ ಜೋರಾಯಿತು. ಅಕ್ಕನ ಮಗಳು, ಅಂದರೆ ನನ್ನ ಸೊಸೆ, ಫೋನಿನಲ್ಲಿ ದ್ವೀಪದ ಚಿತ್ರಗಳನ್ನು ನೋಡಿ ನೋಡಿ ನಮ್ಮ ಮೂಗಿನ ತುದಿಗೆ ಹಿಡಿಯುತ್ತಿದ್ದಳು. ಅಕ್ಕ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ, ತುಂಬಿ, ಮತ್ತೆ ಖಾಲಿ ಮಾಡಿ, ಮತ್ತೆ ತುಂಬಿದಳು. ಈಜುವ ಬಟ್ಟೆ ತೆಗೆದುಕೊಳ್ಳೋಣ ಎಂದು ಮಗಳು ಹೇಳಿದ್ದಕ್ಕೆ, "ಮೊಣಕಾಲ ತನಕ ನೀರಿಗಿಳಿಯೋಕೆ ಬೇರೆ ಬಟ್ಟೆ ಯಾಕೆ, ಇರೋದನ್ನೇ ಎತ್ತಿ ಹಿಡ್ಕೊಂಡ್ರಾಯ್ತು," ಎಂದು ಬಾಯಿ ಮುಚ್ಚಿಸಿದಳು. ಆದರೆ ಭಾವನಿಗೆಂದು ಒಂದು ಹೊಸ ಅಂಗಿ ತಂದಳು. ತಿಳಿ ಹಸಿರು, ಪೂರ್ತಿ ತೋಳಿನದು. ಅವರನ್ನು ಬಿಳಿ ಕೋಟಿನಲ್ಲೇ ನೋಡಿ ಸಾಕಾಗಿದೆ ಎಂದಳು. ಆಮೇಲೆ ಆ ಅಂಗಿಯನ್ನು ಮಡಚುತ್ತಾ ಬಹಳ ಹೊತ್ತು ಕೂತಿದ್ದಳು. ಗಂಡ ಬರುವುದನ್ನು ಕಾದು ಅಭ್ಯಾಸವಿದ್ದವಳಿಗೆ ತಾನೇ ಹೊರಡುವುದು ಹೊಸದು.

ಅತ್ತ ಭಾವ ವಾರದ ರಜೆಯಲ್ಲೆಲ್ಲ ಹೋಟೆಲ್ ಹುಡುಕಲು ಶುರು ಮಾಡಿದರು. ನನಗೆ ತಪ್ಪದೆ ವರದಿ ಬರುತ್ತಿತ್ತು. ಅವರು ಹೋಟೆಲಿಗೆ ಹೋಗುವುದೇ ಒಂದು ತಮಾಷೆ. ಬಾಗಿಲಿನಿಂದ ಒಳಗೆ ಹೋಗಿ ಮೇಜಿಗೆ ಕೂರುವುದು ಬಿಟ್ಟು ನೆಟ್ಟಗೆ ಹಿಂದಿನ ಅಡುಗೆಮನೆಗೆ ಹೋಗಿ ಮೂಗು ತೂರಿಸುತ್ತಿದ್ದರು.

ಮೊದಲನೇ ಹೋಟೆಲಿನಲ್ಲಿ ಎಣ್ಣೆ ಹಳೆಯದು. ಇನ್ನೊಂದರಲ್ಲಿ ಮೀನು ಕತ್ತರಿಸುವ ಹಲಗೆಯ ಮೇಲೇ ಹಣ್ಣು ಕತ್ತರಿಸುತ್ತಿದ್ದರಂತೆ, ಅದಕ್ಕೆ ಯಜಮಾನನ ಜೊತೆ ಕಾಲು ಕೆರೆದು ಜಗಳವಾಡಿ ಬಂದರು. ಮಾರ್ಕೆಟ್ ಹತ್ತಿರದ್ದರಲ್ಲಿ ಎಲ್ಲವೂ ಸರಿ ಇತ್ತು.

"ಮತ್ತೆ ಅದೇ ಆಗ್ಲಿ ಭಾವ!"

"ಬೇಡ."

"ಯಾಕೆ?"

"ಅವನ ಸೂಪು ಚೆನ್ನಾಗಿತ್ತು."

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಮಗಳು ಬೇರೆಯವನ ಸೂಪು ಕುಡಿದು ಕಣ್ಣರಳಿಸುವುದನ್ನು ಎದುರು ಕೂತು ನೋಡುವ ಗುಂಡಿಗೆ ಅವರಿಗಿರಲಿಲ್ಲ.

ಕೊನೆಗೆ ದೋಣಿ ನಿಲ್ಲುವ ಕಟ್ಟೆಯ ಬಳಿ ಒಂದು ಜಾಗ ಸಿಕ್ಕಿತು. ವಯಸ್ಸಾದ ಹೆಂಗಸೊಬ್ಬಳು ತನ್ನ ಮನೆಯ ಮುಂಭಾಗದಲ್ಲೇ ನಡೆಸುವ ಪುಟ್ಟ ಹೋಟೆಲು. ನಾಲ್ಕಾರು ಮೇಜು, ತಗಡಿನ ಮಾಡು, ಉಪ್ಪು ಗಾಳಿಗೆ ಬಣ್ಣ ಎದ್ದ ಕಿಟಕಿ. ದೋಣಿಯವರು, ಮೀನು ಮಾರುವವರು ಅಲ್ಲೇ ಉಣ್ಣುತ್ತಾರೆ. ಅವಳನ್ನು ಎಲ್ಲರೂ ಹೋಟೆಲಮ್ಮ ಎನ್ನುತ್ತಾರೆ. "ಪಾತ್ರೆ ಕನ್ನಡಿ ಹಾಗೆ ಇಟ್ಟಿದಾಳೆ ಕಣೋ," ಎಂದರು ಭಾವ. ಅವರ ಬಾಯಲ್ಲಿ ಇನ್ನೊಬ್ಬರ ಅಡುಗೆಮನೆಯ ಬಗ್ಗೆ ಅಂಥ ಮಾತು ನಾನು ಕೇಳಿರಲಿಲ್ಲ. ಹೋಟೆಲಮ್ಮನ ಜೊತೆ ಎಲ್ಲ ಮಾತಾಡಿ ಗೊತ್ತು ಮಾಡಿದ್ದೇನೆ ಎಂದರು. ಏನು ಗೊತ್ತು ಮಾಡಿದ್ದರು ಎನ್ನುವುದನ್ನು ಮಾತ್ರ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಕ್ಕ, ಸೊಸೆ, ಅವರ ಜೊತೆಗೆಂದು ಹೊರಟ ನಾನು, ಮೂವರೂ ದೋಣಿಯಿಂದ ಇಳಿದಾಗ ಭಾವ ಕಟ್ಟೆಯ ಮೇಲೆ ನಿಂತಿದ್ದರು. ಮಗಳನ್ನು ನೋಡಿ ತಬ್ಬಿಕೊಳ್ಳುವುದೋ ಚೀಲ ಇಸಿದುಕೊಳ್ಳುವುದೋ ತಿಳಿಯದೆ ಚೀಲ ಇಸಿದುಕೊಂಡರು. ಅಕ್ಕನಿಗೆ, "ದಾರೀಲಿ ಏನಾದ್ರೂ ತಿಂದ್ರಾ?" ಎಂದರು. ವರ್ಷವಾದ ಮೇಲೆ ಕಂಡ ಹೆಂಡತಿಗೆ ಕೇಳುವ ಮೊದಲ ಮಾತು ಅದು! ಅಕ್ಕ ಮಾತ್ರ ಆ ಒಂದು ಮಾತಿಗೇ ಮುಖ ಅರಳಿಸಿಕೊಂಡು ಹೂಂಗುಟ್ಟಿದಳು.

ರೆಸಾರ್ಟಿನಲ್ಲಿ ಮೊದಲ ಎರಡು ದಿನ ಭಾವ ನಮಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ. ಜೊತೆಯ ಅಡುಗೆಯವರು ರಜೆಯಲ್ಲಿದ್ದರು, ಕೆಲಸವೆಲ್ಲ ಇವರ ತಲೆ ಮೇಲೇ ಬಿದ್ದಿತ್ತು. ಊಟದ ಹಾಲ್ ದೊಡ್ಡದು, ಒಂದು ಬದಿ ಪೂರ್ತಿ ಸಮುದ್ರ. ಉಳಿದವರೆಲ್ಲ ನೀರಿನ ಕಡೆ ಮುಖ ಮಾಡಿ ಕೂತರೆ ಅಕ್ಕ ಅಡುಗೆಮನೆಯ ಬಾಗಿಲಿನ ಕಡೆ ಮುಖ ಮಾಡಿ ಕೂತಳು. ಆ ಬಾಗಿಲಿಗೆ ದುಂಡಗಿನ ಗಾಜಿನ ಕಿಂಡಿ ಇತ್ತು. ಸೊಸೆ ಸೂಪಿನ ಬಟ್ಟಲು ತಂದು ಇಟ್ಟುಕೊಂಡಾಗಲೆಲ್ಲ ಆ ಕಿಂಡಿಯಲ್ಲಿ ಬಿಳಿ ಟೋಪಿ ಕಾಣಿಸಿಕೊಳ್ಳುತ್ತಿತ್ತು. ಬಟ್ಟಲು ಖಾಲಿಯಾಗುವ ತನಕ ನಿಂತಿದ್ದು ಮಾಯವಾಗುತ್ತಿತ್ತು.

"ಅಪ್ಪ ನೋಡ್ತಿದಾರೆ, ಕೈ ಮಾಡೇ," ಎಂದಳು ಅಕ್ಕ.

ಸೊಸೆ ಕೈ ಬೀಸಿದಳು. ಟೋಪಿ ಬಗ್ಗಿ ಮರೆಯಾಯಿತು. ಮೇಲಿನವರು ಯಾರೋ ಬಂದಿರಬೇಕು.

"ಎಲ್ಲಾ ಇದೆ ಇಲ್ಲಿ," ಎಂದಳು ಅಕ್ಕ, ತಟ್ಟೆಯಲ್ಲಿದ್ದದ್ದನ್ನು ಕೆದಕುತ್ತಾ. ಅವಳ ಕಣ್ಣು ಮತ್ತೆ ಆ ಕಿಂಡಿಗೆ ಹೋಯಿತು. ಪಕ್ಕದ ಮೇಜಿನಲ್ಲಿ ಒಬ್ಬ ಅಪ್ಪ ತನ್ನ ಮಗನಿಗೆ ತಟ್ಟೆಯಲ್ಲಿದ್ದದ್ದನ್ನು ಮುಗಿಸು ಎಂದು ಗದರುತ್ತಿದ್ದ. ನನ್ನ ಸೊಸೆ ಅವರನ್ನೇ ನೋಡುತ್ತಿದ್ದಳು. ಬೈಸಿಕೊಳ್ಳುವ ಆ ಮಗನ ಮೇಲೆ ಅವಳಿಗೆ ಹೊಟ್ಟೆಕಿಚ್ಚಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಭಾವನಿಗೆ ಬಿಡುವು ಸಿಕ್ಕಿದ್ದು ಮೂರನೇ ದಿನ ಮಧ್ಯಾಹ್ನ. ಸಂಜೆಯ ಅಡುಗೆಗೆ ವಾಪಸ್ ಬರಬೇಕು, ಕಟ್ಟೆಯ ಬಳಿಯಿಂದ ಕೆಲಸದವರ ವ್ಯಾನ್ ಹೊರಡುತ್ತದೆ, ಅದರಲ್ಲಿ ಬಂದರೆ ಸಾಕು ಎಂದು ಅಪ್ಪಣೆಯಾಗಿತ್ತು. "ನಾನು ಮುಂದೆ ಹೋಗಿರ್ತೀನಿ, ನೀವು ಆಮೇಲೆ ಬನ್ನಿ," ಎಂದಿದ್ದರು. ನಾವು ನಡೆದೇ ಹೋದೆವು. ಸೊಸೆ ತಲೆಗೂದಲು ಎರಡೆರಡು ಸಲ ಬಾಚಿಕೊಂಡಿದ್ದಳು. ಅಪ್ಪನ ಜೊತೆ ಏನೇನು ಮಾತಾಡಬೇಕು ಎಂದು ದಾರಿಯುದ್ದಕ್ಕೂ ನನಗೆ ಒಪ್ಪಿಸಿದಳು. ಯಾವ ಕಾಲೇಜು, ಯಾಕೆ ಅದೇ ಕಾಲೇಜು, ಹಾಸ್ಟೆಲಿನ ಕೋಣೆ ಎಂಥದು, ಸ್ನೇಹಿತೆಯರಲ್ಲಿ ಯಾರು ಒಳ್ಳೆಯವರು, ಯಾರು ಕಿರಿಕ್ಕು.

ಹೋಟೆಲಮ್ಮನ ಮನೆಯ ಮುಂಭಾಗದಲ್ಲಿ ಒಂದು ಮೇಜಿಗೆ ಒಗೆದ ಬಟ್ಟೆ ಹಾಸಿ, ಸುತ್ತ ನಾಲ್ಕು ಕುರ್ಚಿ ಇಟ್ಟಿದ್ದರು. ಒಬ್ಬ ಮುದುಕಿ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದಳು. ಅವಳೇ ಹೋಟೆಲಮ್ಮ.

"ಬನ್ನಿ, ಕೂತ್ಕೊಳ್ಳಿ. ಅವ್ರು ಒಳಗಿದಾರೆ," ಎಂದಳು. "ನನ್ ಒಲೆ ಹತ್ರ ನನ್ನೇ ಬಿಡ್ತಿಲ್ಲ ಪುಣ್ಯಾತ್ಮ."

ಅಷ್ಟರಲ್ಲಿ ಒಳಗಿನಿಂದ ಭಾವ ಬಂದರು. ಸೊಂಟಕ್ಕೆ ಹೋಟೆಲಮ್ಮನ ಏಪ್ರನ್ನು, ಹೊಸ ಹಸಿರು ಅಂಗಿಯ ತೋಳು ಮೊಣಕೈ ತನಕ ಮಡಚಿದೆ, ಹಣೆ ತುಂಬ ಬೆವರು, ಮುಖದಲ್ಲಿ ಹಿಡಿಸಲಾರದ ಖುಷಿ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಈಗ ಬಂದೆ," ಎಂದು ಮತ್ತೆ ಒಳಗೆ ಹೋದರು.

ಸೂಪು ಬಂತು. ಅದರ ಹಿಂದೆ ಹುರಿದ ಮೀನು ಬಂತು. ತರಕಾರಿ ಬಂತು, ಅನ್ನ ಬಂತು, ಅನ್ನಕ್ಕೆ ಎರಡು ಬಗೆಯ ಸಾರು ಬಂತು. ಒಂದೊಂದನ್ನೂ ತಾವೇ ತಂದು, ತಟ್ಟೆಯ ಅಂಚು ಬಟ್ಟೆಯಿಂದ ಒರೆಸಿ, ಸರಿಯಾದ ದಿಕ್ಕಿಗೆ ತಿರುಗಿಸಿ ಇಡುತ್ತಿದ್ದರು. "ಅಪ್ಪಾ, ಬಾ ಕೂತ್ಕೋ," ಎಂದಳು ಸೊಸೆ. "ಬಂದೆ ಪುಟ್ಟಿ. ಆರೋಕೆ ಮುಂಚೆ ತಿನ್ನು," ಎಂದರು. ನಾಲ್ಕನೆಯ ಕುರ್ಚಿಯ ಮೇಲೆ ಅಕ್ಕನ ಕೈಚೀಲ ಕೂತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಒಳಗೆ ಹೋದೆ.

"ಭಾವ, ಏನಿದು? ಕೂತು ಉಣ್ಬೇಕು ಅಂತ ತಾನೇ ಇಷ್ಟೆಲ್ಲಾ ಮಾಡಿದ್ದು?"

"ಕೂಗ್ಬೇಡ ಕಣೋ, ಕೇಳಿಸುತ್ತೆ. ಅವಳು ನನ್ ಜೊತೆ ಊಟಕ್ಕೆ ಅಂತ ಬಂದಿದಾಳೆ. ಬೇರೆಯವರ ಕೈ ಅಡುಗೆ ಹೇಗೋ ಹಾಕಿಸ್ಲಿ?" ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ಇದೊಂದು ತಿರುವಿ ಹಾಕಿಬಿಟ್ರೆ ಆಯ್ತು. ನೀನು ಹೋಗು, ಅವಳಿಗೆ ನಿಂಬೆಹಣ್ಣು ಕೊಡು."

ಅವರ ಮುಂದೆ ನನ್ನ ಬೇಳೆ ಬೇಯಲಿಲ್ಲ. ಬೈಯಲೂ ಮನಸ್ಸು ಬರಲಿಲ್ಲ. ಆ ಮನುಷ್ಯನಿಗೆ ಪ್ರೀತಿ ತೋರಿಸಲು ಗೊತ್ತಿದ್ದದ್ದು ಅದೊಂದೇ ದಾರಿ, ಆ ದಾರಿ ಮೇಜಿನ ತನಕ ಬರುತ್ತಲೇ ಇರಲಿಲ್ಲ. ನಾನು ನಿಂಬೆಹಣ್ಣು ಹಿಡಿದುಕೊಂಡು ಹೊರಗೆ ಬಂದೆ.

ಊಟ ಹೇಗಿತ್ತು ಎಂದು ಕೇಳಬೇಡಿ. ಅಂಥ ಊಟ ನಾನು ಜನ್ಮದಲ್ಲಿ ಉಂಡಿಲ್ಲ. ಆದರೂ ಕಣ್ಣು ಪದೇ ಪದೇ ಆ ನಾಲ್ಕನೆಯ ಕುರ್ಚಿಗೆ ಹೋಗುತ್ತಿತ್ತು. ಸೊಸೆ ದಾರಿಯಲ್ಲಿ ಒಪ್ಪಿಸಿದ ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ. ಬಂದದ್ದನ್ನೆಲ್ಲ ಸುಮ್ಮನೆ ತಿಂದು ಮುಗಿಸಿದಳು. ತಿನ್ನದಿದ್ದರೆ ಅಪ್ಪನಿಗೆ ಬೇಜಾರಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಎಲ್ಲ ಪಾತ್ರೆ ಖಾಲಿಯಾದ ಮೇಲೆ ಭಾವ ಕೈ ಒರೆಸಿಕೊಳ್ಳುತ್ತಾ ಬಂದು ಮೇಜಿನ ಪಕ್ಕ ನಿಂತರು. ಸೊಸೆ ನೆಟ್ಟಗೆ ಕೂತು, ಬಾಯಿ ಒರೆಸಿಕೊಂಡು, ತಲೆಯೆತ್ತಿ ನೋಡಿದಳು.

"ತುಂಬಾ ಚೆನ್ನಾಗಿತ್ತು. ಥ್ಯಾಂಕ್ಸ್," ಎಂದಳು.

ಭಾವ ಬಲಗೈಯನ್ನು ಎದೆಯ ಮೇಲಿಟ್ಟು, ತಲೆ ಒಂದಿಷ್ಟು ಬಾಗಿಸಿದರು. "ಬಹಳ ಸಂತೋಷ. ಮತ್ತೆ ಬನ್ನಿ," ಎಂದರು.

ನಾನು ಮೊದಲು ನಕ್ಕುಬಿಟ್ಟೆ. ತಮಾಷೆ ಮಾಡಿದರು ಎಂದುಕೊಂಡೆ. ಆಮೇಲೆ ಅವರ ಮುಖ ನೋಡಿದೆ. ತಮ್ಮ ಬಾಯಿಂದ ಏನು ಬಂತು ಎಂದು ಅವರಿಗೆ ಆಗ ಕೇಳಿಸಿತ್ತು. ಕೈ ಎದೆಯ ಮೇಲೇ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ಸೊಸೆಯ ಕಣ್ಣು ತುಂಬಿತು. ಅವಳೂ ಅತಿಥಿಯ ಹಾಗೇ ಮಾತಾಡಿದ್ದಳಲ್ಲ, ಅದು ಅವಳಿಗೂ ತಟ್ಟಿತ್ತು.

ಅಕ್ಕ ಎದ್ದಳು. ನಾಲ್ಕನೆಯ ಕುರ್ಚಿಯಿಂದ ಕೈಚೀಲ ತೆಗೆದು ನೆಲದ ಮೇಲಿಟ್ಟಳು.

"ಏಪ್ರನ್ ಬಿಚ್ಚಿ," ಎಂದಳು.

"ವ್ಯಾನ್ ಬರೋ ಹೊತ್ತಾಯ್ತು ಕಣೆ."

"ಬಂದ್ರೆ ಬರ್ಲಿ. ಬಿಚ್ಚಿ ಅಂದೆ."

ಭಾವ ಬಿಚ್ಚಿದರು. ಕುರ್ಚಿಯ ತುದಿಯಲ್ಲಿ, ಈಗ ಏಳುವವರ ಹಾಗೆ ಕೂತರು. ಆದರೆ ಮೇಜಿನ ಮೇಲೆ ಉಣ್ಣಲು ಏನೂ ಉಳಿದಿರಲಿಲ್ಲ. ತಮಗೆಂದು ಒಂದು ತುಂಡು ಮೀನನ್ನೂ ಅವರು ಎತ್ತಿಟ್ಟಿರಲಿಲ್ಲ. ಹೋಟೆಲಮ್ಮ ಸ್ಟೂಲಿನಿಂದ ಎದ್ದು ಒಳಗೆ ಹೋಗಿ, ತನ್ನ ಮನೆಯವರಿಗೆಂದು ಬೆಳಗ್ಗೆ ಮಾಡಿಟ್ಟಿದ್ದ ಅನ್ನ, ಬೇಳೆ, ಬೇಯಿಸಿದ ಕುಂಬಳಕಾಯಿ ತಂದು ಅವರ ಮುಂದಿಟ್ಟಳು. ತಣ್ಣಗಾಗಿತ್ತು. "ಇಷ್ಟೇ ಇರೋದು, ಉಣ್ಣಪ್ಪ," ಎಂದಳು.

ಭಾವ ಮೊದಲ ತುತ್ತು ಬಾಯಿಗಿಟ್ಟರು. ಉಪ್ಪು ಕಡಿಮೆ ಎಂದು ಅವರ ಹುಬ್ಬೇ ಹೇಳಿತು. ಕೈ ತಾನಾಗಿ ಉಪ್ಪಿನ ಡಬ್ಬಿ ಹುಡುಕಲು ಹೊರಟಿತು, ಅಕ್ಕ ಡಬ್ಬಿಯನ್ನು ಆಚೆ ಸರಿಸಿದಳು. ಭಾವ ಬೇರೆ ದಾರಿಯಿಲ್ಲದೆ ಉಣ್ಣತೊಡಗಿದರು, ಅದೇ ಗಬಗಬ ಓಟದಲ್ಲಿ.

"ನಿಧಾನ ರೀ," ಎಂದಳು ಅಕ್ಕ. "ಯಾರೂ ಕಿತ್ಕೊಳ್ಳಲ್ಲ."

ಸೊಸೆ ಎರಡೂ ಕೈಯಲ್ಲಿ ಗಲ್ಲ ಹಿಡಿದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಉಣ್ಣುವುದನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು. ಭಾವ ನಾಚಿ ತಲೆ ತಗ್ಗಿಸಿದರು.

"ಅಪ್ಪಾ, ಕುಂಬಳಕಾಯಿ ಯಾಕೆ ಪಕ್ಕಕ್ಕಿಟ್ಟಿದೀಯ? ಇಷ್ಟ ಇಲ್ವಾ?"

"ಇಷ್ಟ ಪುಟ್ಟಿ. ಅದಕ್ಕೇ. ಕೊನೆಗೆ ತಿನ್ನೋಣ ಅಂತ."

ಸೊಸೆ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ನೋಡು. ನಾನೂ ಹೀಗೇ ತಾನೇ?"

"ನೀನೂ ಹೀಗೇ," ಎಂದಳು ಅಕ್ಕ.

ಭಾವ ಉಣ್ಣುವುದನ್ನು ನಿಲ್ಲಿಸಿದರು. ಮಗಳು ಹೇಗೆ ಉಣ್ಣುತ್ತಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ಕಿಂಡಿಯಿಂದ ಅಷ್ಟು ಕಾಣುವುದಿಲ್ಲ. ಅವಳನ್ನು ಒಂದು ಕ್ಷಣ ನೋಡಿ, "ಹೌದಾ?" ಎಂದರು. ಮತ್ತೆ, "ಹೌದಾ ಪುಟ್ಟಿ?" ಎಂದರು. ಅವಳು ಹೌದೆಂದು ತಲೆಯಾಡಿಸಿ, ಕುರ್ಚಿ ಹತ್ತಿರ ಎಳೆದುಕೊಂಡು, ಕಾಲೇಜಿನ ವಿಷಯ ಶುರು ಮಾಡಿದಳು.

ಹಾಸ್ಟೆಲಿನ ಕೋಣೆಯ ತನಕ ಬಂದಿದ್ದಳೋ ಇಲ್ಲವೋ, ಕಟ್ಟೆಯ ಕಡೆಯಿಂದ ವ್ಯಾನಿನ ಹಾರ್ನ್ ಕೇಳಿತು. ಭಾವ ಅಭ್ಯಾಸಬಲದಿಂದ ಅರ್ಧ ಎದ್ದರು. ಸೊಸೆ ಮಾತು ನಿಲ್ಲಿಸಿದಳು. ಹಿಡಿಯಲೂ ಇಲ್ಲ, ಇರು ಎನ್ನಲೂ ಇಲ್ಲ. ಅವರು ಹೊರಟುಹೋಗುವುದನ್ನು ನೋಡಿ ಅವಳಿಗೆ ಚೆನ್ನಾಗಿ ರೂಢಿಯಿತ್ತು.

ಹಾರ್ನ್ ಇನ್ನೊಮ್ಮೆ ಕೂಗಿತು. ಭಾವ ಮಗಳ ಮುಖ ನೋಡಿದರು, ತಟ್ಟೆ ನೋಡಿದರು. ಆಮೇಲೆ ಕೂತರು. ಈ ಸಲ ಕುರ್ಚಿಯ ಬೆನ್ನಿಗೆ ಒರಗಿ ಕೂತರು.

"ಹೋಟೆಲಮ್ಮಾ," ಎಂದರು, "ಇನ್ನೊಂಚೂರು ಅನ್ನ ಇದ್ಯಾ?"

ಭಾವ ಇನ್ನೊಬ್ಬರ ಹತ್ತಿರ ಅನ್ನ ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೊರಗೆ ವ್ಯಾನ್ ಹೊರಟು ಹೋದ ಸದ್ದಾಯಿತು. ಸೊಸೆ ಹಾಸ್ಟೆಲಿನ ಕಿಟಕಿ ಯಾವ ಕಡೆಗಿದೆ ಎಂದು ಹೇಳುತ್ತಿದ್ದಳು.